ಹಳೆಯ ಪೆಟ್ಟು, ಇಂದಿನ ಜಗಳ

ಗಂಡ ಬರುವುದು ಅರ್ಧ ಗಂಟೆ ತಡವಾದರೆ ಸಾಕು, ಹೆಂಡತಿಯ ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ. ಗೇಟಿನ ಬಳಿ ನಿಂತೇ ಇರುತ್ತಾಳೆ. ಅವನು ಸ್ಕೂಟರ್ ನಿಲ್ಲಿಸುವ ಮೊದಲೇ ಪ್ರಶ್ನೆಗಳು ಶುರು. 'ಎಲ್ಲಿಗೆ ಹೋಗಿದ್ರಿ? ಫೋನ್ ಯಾಕೆ ಎತ್ತಲಿಲ್ಲ?' ಗಂಡ ಉತ್ತರಿಸುವುದಿಲ್ಲ. ಮುಖ ಗಂಟಿಕ್ಕಿಕೊಂಡು ಒಳಗೆ ಹೋಗಿ ಟಿ.ವಿ. ಹಾಕುತ್ತಾನೆ. ಅವನು ಸುಮ್ಮನಿದ್ದಷ್ಟೂ ಅವಳ ದನಿ ಏರುತ್ತದೆ. ಅವಳ ದನಿ ಏರಿದಷ್ಟೂ ಅವನ ಬಾಯಿ ಬಿಗಿಯುತ್ತದೆ. 'ಇವಳದು ಅನುಮಾನದ ಸ್ವಭಾವ' ಎನ್ನುತ್ತಾರೆ ಅತ್ತೆ. 'ಅವನದು ಕಲ್ಲು ಮನಸ್ಸು' ಎನ್ನುತ್ತಾರೆ ಅವಳ ತವರಿನವರು.

ಈ ದಂಪತಿ ಕಾಲ್ಪನಿಕ. ಆದರೆ ಇಂಥ ಮನೆ ನಿಮಗೆ ಅಪರಿಚಿತವೇನಲ್ಲ. ಇವರ ಬಾಲ್ಯವನ್ನೂ ಸ್ವಲ್ಪ ಊಹಿಸಿಕೊಳ್ಳಿ. ಅವಳ ತಂದೆ ಕುಡಿದು ಬರುತ್ತಿದ್ದರು. ತಡವಾದ ರಾತ್ರಿ ಎಂದರೆ ಆ ಮನೆಯಲ್ಲಿ ಹೊಡೆತದ ರಾತ್ರಿ. ಎಂಟು ವರ್ಷದ ಹುಡುಗಿ ಕಂಬಳಿಯೊಳಗೆ ಬಾಗಿಲ ಸದ್ದಿಗೆ ಕಿವಿಗೊಟ್ಟು ಎಚ್ಚರವಾಗಿರುತ್ತಿದ್ದಳು. ಅವನು ಬೆಳೆದ ಮನೆಯಲ್ಲಿ ಎದುರು ಮಾತಾಡಿದರೆ ಬೆಲ್ಟಿನ ಏಟು. ಬಾಯಿ ಮುಚ್ಚಿ ನಿಂತರೆ ಬೇಗ ಮುಗಿಯುತ್ತದೆ ಎಂದು ಅವನು ಆಗಲೇ ಕಲಿತಿದ್ದ. ಈಗ ಹೇಳಿ, ಗೇಟಿನ ಬಳಿಯ ಜಗಳ ಯಾರ ಯಾರ ನಡುವೆ ನಡೆಯುತ್ತಿದೆ?

ನಮ್ಮ ಮಿದುಳಿನಲ್ಲಿ ಅಮಿಗ್ಡಲ ಎಂಬ ಬಾದಾಮಿಯಾಕಾರದ ಪುಟ್ಟ ಭಾಗವಿದೆ. ಅಪಾಯದ ಸುಳಿವು ಸಿಕ್ಕರೆ, ನಾವು ಯೋಚಿಸುವುದಕ್ಕೆ ಮೊದಲೇ ಅದು ದೇಹವನ್ನು ಎಚ್ಚರಿಸುತ್ತದೆ. ಅಡ್ರಿನಲಿನ್ ಸುರಿಯುತ್ತದೆ, ಹೃದಯ ವೇಗವಾಗಿ ಬಡಿಯುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಮತ್ತೆ ಮತ್ತೆ ಭಯಕ್ಕೆ ಸಿಕ್ಕ ಮಗುವಿನಲ್ಲಿ ಈ ಕಾವಲುಗಾರ ಅತಿ ಸೂಕ್ಷ್ಮನಾಗಬಹುದು. ದೊಡ್ಡವರಾದ ಮೇಲೂ ಬೆಕ್ಕು ಪಾತ್ರೆ ಬೀಳಿಸಿದರೆ 'ಕಳ್ಳ, ಕಳ್ಳ' ಎಂದು ಕೂಗುತ್ತಾನೆ. ಕೆಲವರಲ್ಲಿ ಇದಕ್ಕೆ ವಿರುದ್ಧವಾಗಿ ದೇಹ, ಮಾತು ಎರಡೂ ಮರಗಟ್ಟುತ್ತವೆ.

ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ವೈದ್ಯರಾದ ಫೆಲಿಟ್ಟಿ ಮತ್ತು ಆಂಡಾ ಈ ವಿಷಯದಲ್ಲಿ ದೊಡ್ಡ ಅಧ್ಯಯನ ನಡೆಸಿ, 1998ರಲ್ಲಿ ಮೊದಲ ಫಲಿತಾಂಶ ಪ್ರಕಟಿಸಿದರು. ಒಟ್ಟು 17 ಸಾವಿರಕ್ಕೂ ಹೆಚ್ಚು ವಯಸ್ಕರು ಅದರಲ್ಲಿ ಭಾಗವಹಿಸಿದ್ದರು. ಬಾಲ್ಯದಲ್ಲಿ ಹಿಂಸೆ, ಕುಡುಕ ಪಾಲಕರು ಮುಂತಾದ ಕಷ್ಟಗಳ ಬಗೆಗಳು ಹೆಚ್ಚಿದಂತೆ ಮುಂದೆ ಖಿನ್ನತೆ, ಕುಡಿತ, ಹೃದ್ರೋಗದ ಸಾಧ್ಯತೆಯೂ ಹೆಚ್ಚುವುದು ಕಂಡುಬಂತು.

ಹಾಗೆಂದು ಆತಂಕ ಪಡುವವರೆಲ್ಲರ ಹಿಂದೆಯೂ ಇಂಥ ಕಥೆ ಇರಲೇಬೇಕೆಂದಿಲ್ಲ. ವಂಶಪಾರಂಪರ್ಯ ಕಾರಣವಿರಬಹುದು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಆದ್ದರಿಂದ ಒಮ್ಮೆ ವೈದ್ಯರಿಂದ ತಪಾಸಣೆ ಆಗಲಿ.

'ಹಳೆಯದನ್ನೆಲ್ಲ ಮರೆತುಬಿಡು' ಎಂಬುದು ಹಿರಿಯರ ಬುದ್ಧಿವಾದ. ಮರೆಯುವುದು ನಮ್ಮ ಕೈಯಲ್ಲಿದ್ದರೆ ಯಾರು ತಾನೆ ಮರೆಯುತ್ತಿರಲಿಲ್ಲ? 'ಒಂದು ಮಗುವಾದರೆ ಎಲ್ಲ ಸರಿಹೋಗುತ್ತದೆ' ಎಂಬ ಸಲಹೆಯಂತೂ ಇನ್ನೂ ಅಪಾಯಕಾರಿ. ಆ ಜಗಳಕ್ಕೆ ಕಿವಿಗೊಟ್ಟು ಎಚ್ಚರವಾಗಿರಲು ಇನ್ನೊಂದು ಜೀವ ಸೇರಿದಂತಾಗುತ್ತದೆ, ಅಷ್ಟೆ.

ಆಘಾತವನ್ನು ಅರಿತು ಚಿಕಿತ್ಸೆ ಕೊಡುವವರು ಮೊದಲ ದಿನವೇ 'ನಡೆದದ್ದನ್ನೆಲ್ಲ ಹೇಳಿಬಿಡಿ' ಎಂದು ಒತ್ತಾಯಿಸುವುದಿಲ್ಲ. ಗಾಯವನ್ನು ಅವಸರದಲ್ಲಿ ಕೆದಕಿದರೆ ನೋವು ಹೆಚ್ಚುತ್ತದೆ. ಮೊದಲು ಸುರಕ್ಷಿತ ಭಾವನೆ, ನಂತರ ನೆನಪುಗಳ ಕೆಲಸ ಎಂಬ ಈ ಕ್ರಮವನ್ನು ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲೇ ವಿವರಿಸಿದ್ದರು. ಭಯ ಏರಿದಾಗ ಪಾದಗಳನ್ನು ನೆಲಕ್ಕೂರಿ ಕೂರುವುದು, ಉಸಿರನ್ನು ನಿಧಾನವಾಗಿ ಹೊರಬಿಡುವುದು, ಸುತ್ತಲಿನ ಐದು ವಸ್ತುಗಳನ್ನು ಹೆಸರಿಸುವುದು ಇವೆಲ್ಲ ಆರಂಭದ ಪಾಠಗಳು. ಆಘಾತದ ನೆನಪು ಬಿಡದೆ ಕಾಡುವ ವಯಸ್ಕರಿಗೆ ಆಲೋಚನೆ ಮತ್ತು ವರ್ತನೆಯನ್ನು ತಿದ್ದುವ ಚಿಕಿತ್ಸೆ, ಕಣ್ಣುಗಳ ಚಲನೆಯನ್ನು ಬಳಸುವ ಇ.ಎಂ.ಡಿ.ಆರ್. ಚಿಕಿತ್ಸೆ ಇವೆರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದೆ.

ದಂಪತಿ ಜೊತೆಯಾಗಿ ಬಂದರೆ, 'ತಪ್ಪು ಯಾರದು' ಎಂಬ ಪಂಚಾಯಿತಿ ಅಲ್ಲಿ ನಡೆಯುವುದಿಲ್ಲ. ಕೆನಡಾದಲ್ಲಿ 1980ರ ದಶಕದಲ್ಲಿ ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ರೂಪಿಸಿದ ವಿಧಾನದಲ್ಲಿ ಇಬ್ಬರೂ ಸಿಕ್ಕಿಕೊಂಡಿರುವ ಸುಳಿಯನ್ನೇ ಮುಂದಿಟ್ಟು ತೋರಿಸುತ್ತಾರೆ. ಅವಳ ಪ್ರಶ್ನೆಗಳ ಹಿಂದೆ ಭಯವಿದೆ, ಅವನ ಮೌನದ ಹಿಂದೆಯೂ ಭಯವಿದೆ. 'ಎಲ್ಲಿ ಹಾಳಾಗಿ ಹೋಗಿದ್ರಿ?' ಎನ್ನುವ ಬದಲು 'ನೀವು ತಡವಾದರೆ ನನಗೆ ಹೆದರಿಕೆ ಆಗುತ್ತೆ ರೀ' ಎನ್ನಲು ಅವಳು ಕಲಿಯುತ್ತಾಳೆ. 'ಹತ್ತು ನಿಮಿಷ ಕೊಡು, ಆಮೇಲೆ ಹೇಳ್ತೀನಿ' ಎನ್ನಲು ಅವನು ಕಲಿಯುತ್ತಾನೆ. ಹತ್ತು ನಿಮಿಷದ ನಂತರ ನಿಜಕ್ಕೂ ಹೇಳಬೇಕು, ಅದು ಮುಖ್ಯ. ಇದಕ್ಕೆ ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು.

ಒಂದು ಎಚ್ಚರಿಕೆ. ಮನೆಯಲ್ಲಿ ಈಗಲೂ ಹೊಡೆತ, ಬೆದರಿಕೆ ನಡೆಯುತ್ತಿದ್ದರೆ ಇಬ್ಬರನ್ನೂ ಜೊತೆಗೆ ಕೂರಿಸುವುದು ಸರಿಯಲ್ಲ. ಅಲ್ಲಿ ಹೆಂಡತಿ ಹೇಳಿದ ಸತ್ಯಕ್ಕೆ ಮನೆಯಲ್ಲಿ ಏಟು ಬೀಳಬಹುದು. ಹೊಂದಿಕೊಂಡು ಹೋಗು ಎಂದು ಅವಳಿಗೆ ಹೇಳಬೇಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಅವಳ ರಕ್ಷಣೆಗಿದೆ, ಮಹಿಳಾ ಸಹಾಯವಾಣಿ 181 ಇದೆ.

ನೆರವು ದೂರವೇನಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಅಲ್ಲದೆ ಜಿಲ್ಲಾ ಆಸ್ಪತ್ರೆಗಳಲ್ಲೂ ಮಾನಸಿಕ ಆರೋಗ್ಯ ಸೇವೆ ಉಂಟು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಗಂಡ ಬರಲು ಒಪ್ಪದಿದ್ದರೆ ನೀವೊಬ್ಬರೇ ಹೋಗಿ. ಈಗಾಗಲೇ ಆತಂಕಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ನೀವಾಗಿಯೇ ನಿಲ್ಲಿಸದೆ, ಚೀಟಿಯನ್ನು ಜೊತೆಗೆ ಒಯ್ಯಿರಿ. ಏನು ಹೇಳಬೇಕೆಂದು ತೋಚದಿದ್ದರೆ, 'ಅವರು ಬರುವುದು ತಡವಾದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ' ಎಂದಷ್ಟೇ ಹೇಳಿದರೂ ಮೊದಲ ಭೇಟಿಗೆ ಸಾಕು.