ಲಿನಕ್ಸ್ ತಿರುಳಿನ ವಿನ್ಯಾಸ ಮತ್ತು ಜಾನಪದ ಧ್ವನಿಸಂಗ್ರಹದ ಕನ್ನಡ ಹೆಸರುಗಳು

ಹಟ್ಟಿ ಚಿನ್ನದ ಗಣಿಯಿರುವ ಸೀಮೆಯಲ್ಲೇ ಇರುವ ಮಸ್ಕಿಯ ಅಶೋಕ ಶಾಸನವನ್ನು ೧೯೧೫ರಲ್ಲಿ ಗುರುತಿಸಿದವನು ಸಿ. ಬೀಡನ್ ಎಂಬ ಗಣಿ ಎಂಜಿನಿಯರ್. ಅದರ ಓದು ಸಾಧ್ಯವಾದದ್ದು ಜೇಮ್ಸ್ ಪ್ರಿನ್ಸೆಪ್ ೧೮೩೭ರ ವೇಳೆಗೇ ಬ್ರಾಹ್ಮಿ ಲಿಪಿಯ ಕೀಲಿಯನ್ನು ಬಿಡಿಸಿಟ್ಟಿದ್ದರಿಂದ. ಅಕ್ಷರ ಅಳಿಯದೆ ಉಳಿದಿದ್ದರೂ ಕೀಲಿಯಿಲ್ಲದೆ ಓದಿಲ್ಲ. ಗಣಕಕ್ಕೇರಿದ ಜಾನಪದ ಸಾಮಗ್ರಿಯ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

ಲಿನಕ್ಸ್ ಕರ್ನೆಲ್ ಅಥವಾ ತಿರುಳು ಯಂತ್ರಕ್ಕೂ ಬಳಕೆಯ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಮಾಡುವ ಭಾಗ. ಲಿನಸ್ ಟೋರ್ವಾಲ್ಡ್ಸ್ ಇದರ ಮೊದಲ ರೂಪವನ್ನು ೧೯೯೧ರಲ್ಲಿ ಬಿಡುಗಡೆ ಮಾಡಿದರು. ಕನ್ನಡವನ್ನೊಳಗೊಂಡ ಯೂನಿಕೋಡಿನ ಮೊದಲ ಆವೃತ್ತಿ ಬಂದದ್ದೂ ಅದೇ ವರ್ಷ. ಮೂಲಸಂಕೇತವು ಮುಕ್ತವಾಗಿರುವುದರಿಂದ ತಿರುಳನ್ನು ಬೇಕಾದಂತೆ ಕಟ್ಟಿಕೊಳ್ಳಬಹುದು. 'ಮೇಕ್ ಮೆನುಕಾನ್ಫಿಗ್' ಎಂಬ ಆದೇಶ ಆಯ್ಕೆಗಳ ಪಟ್ಟಿಯನ್ನು ತೆರೆಯುತ್ತದೆ. ಒಂದೊಂದು ಅಂಶವನ್ನೂ ತಿರುಳಿನಲ್ಲೇ ಬೆಸೆಯಬಹುದು ಅಥವಾ ಕೈಬಿಡಬಹುದು. ಹಲವನ್ನು ಬೇಕಾದಾಗ ಕೂಡಿಸುವ ಮಾಡ್ಯೂಲಾಗಿಯೂ ಇಡಬಹುದು.

ಸಂಗ್ರಾಹಕರಿಗೆ ಮುಖ್ಯವಾದುದು ಕಡತವ್ಯವಸ್ಥೆಯ ವಿಭಾಗ. ಬೀಸುವ ಪದವಾಗಲಿ ಮುದಗಲ್ಲಿನ ಮೊಹರಂ ಪದವಾಗಲಿ, ಧ್ವನಿಮುದ್ರಣಕ್ಕೆ ಮೊದಲ ಸಾಲನ್ನೇ ಹೆಸರಾಗಿಡುವುದು ಸಹಜ ರೂಢಿ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್ ವ್ಯವಸ್ಥೆಯು ಉದ್ದ ಹೆಸರುಗಳನ್ನು ಯೂನಿಕೋಡಿನಲ್ಲೇ ಇಡುತ್ತದೆ. ಆದರೆ ತಿರುಳಿನ ಮೂಲ ಆಯ್ಕೆ ಪಶ್ಚಿಮ ಯುರೋಪಿನ ಐಎಸ್‌ಒ ೮೮೫೯-೧ ಸಂಕೇತವಾಗಿದ್ದರೆ ಕನ್ನಡದ ಒಂದೊಂದು ಸಂಕೇತವೂ ಪ್ರಶ್ನಾರ್ಥಕ ಚಿಹ್ನೆಯಾಗಿ ತೋರುತ್ತದೆ. ಸಮಾನ ಉದ್ದದ ಎರಡು ಹಾಡುಗಳ ಹೆಸರು ಆಗ ಒಂದೇ! ಡ್ರೈವಿನಲ್ಲಿ ಹೆಸರು ಕೆಟ್ಟಿರುವುದಿಲ್ಲವೆಂಬುದನ್ನು ಅರಿಯದೆ ಹೊಸ ಹೆಸರಿಟ್ಟವರು ಮೂಲವನ್ನು ಕಳೆದುಕೊಳ್ಳುತ್ತಾರೆ. ಫ್ಯಾಟ್ ವಿಭಾಗದಲ್ಲಿ ಯುಟಿಎಫ್-೮ಅನ್ನು ಮೂಲ ಆಯ್ಕೆಯಾಗಿಸುವುದೇ, ಇಲ್ಲವೆ ಡ್ರೈವನ್ನು ಜೋಡಿಸುವಾಗ ಅದನ್ನು ಸೂಚಿಸುವುದೇ ಇದಕ್ಕೆ ಪರಿಹಾರ. ಸಿದ್ಧ ವಿತರಣೆಗಳ ಬಳಕೆದಾರರಿಗೆ ಈ ತೊಡಕು ವಿರಳ; ತಾವೇ ತಿರುಳು ಕಟ್ಟಿಕೊಳ್ಳುವವರು ಎಚ್ಚರ ವಹಿಸಬೇಕು.

ಇನ್ನೊಂದು ತೊಡಕನ್ನು ಯಾವ ಆಯ್ಕೆಯೂ ನೀಗದು. ಲಿನಕ್ಸಿನ ಎಕ್ಸ್ಟ್-೪ ವ್ಯವಸ್ಥೆಯಲ್ಲಿ ಹೆಸರಿನ ಮಿತಿ ೨೫೫ ಬೈಟ್. ಯುಟಿಎಫ್-೮ರಲ್ಲಿ ಕನ್ನಡದ ಒಂದು ಸಂಕೇತಕ್ಕೆ ೩ ಬೈಟ್ ಬೇಕು. ಎಂದರೆ ಹೆಚ್ಚೆಂದರೆ ೮೫ ಸಂಕೇತಗಳು. 'ಸ್ತ್ರೀ' ಎಂಬ ಒಂದೇ ಅಕ್ಷರ ೬ ಸಂಕೇತ, ೧೮ ಬೈಟ್ ನುಂಗುತ್ತದೆ. ಫ್ಯಾಟ್‌ನಲ್ಲಿ ಕನ್ನಡದ ೨೫೫ ಸಂಕೇತಗಳವರೆಗೂ ಅವಕಾಶವಿರುವುದರಿಂದ ಅಲ್ಲಿ ಹಿಡಿಸಿದ ದೀರ್ಘ ಮೊದಲ ಸಾಲು ಇಲ್ಲಿ ನಕಲಾಗದೆ ನಿಲ್ಲುತ್ತದೆ. ಇಂಗ್ಲಿಷಿಗೆ ಉದಾರವಾದ ಮಿತಿ ಕನ್ನಡಕ್ಕೆ ಮೂರರಲ್ಲೊಂದು ಪಾಲಾಗಿರುವುದು ಗಮನಾರ್ಹ. ಚಿಕ್ಕ ಕ್ರಮಸಂಖ್ಯೆಯನ್ನು ಕಡತದ ಹೆಸರಾಗಿಸಿ, ಮೊದಲ ಸಾಲು, ಊರು, ಹಾಡಿದವರ ವಿವರಗಳನ್ನು ಪ್ರತ್ಯೇಕ ಸೂಚಿಯಲ್ಲಿ ದಾಖಲಿಸುವುದು ಲೇಸು.

ತಿರುಳಿನ ಪಠ್ಯಪರದೆಯ ಮಾತಂತೂ ಬೇರೆಯೇ. ಅದರ ಅಕ್ಷರಕೋಶದಲ್ಲಿ ಗರಿಷ್ಠ ೫೧೨ ಆಕಾರಗಳಿಗಷ್ಟೇ ಎಡೆ. ಒತ್ತಕ್ಷರಗಳನ್ನು ಕೂಡಿಸುವ ವ್ಯವಸ್ಥೆ ಅಲ್ಲಿಲ್ಲ. ಕನ್ನಡ ಸರಿಯಾಗಿ ಮೂಡಲು ಚಿತ್ರಪರದೆಯೂ ಹಾರ್ಫ್‌ಬಜ್‌ನಂತಹ ಲಿಪಿಜೋಡಣಾ ತಂತ್ರಾಂಶವೂ ಬೇಕು. ಆದ್ದರಿಂದ ಪಠ್ಯಪರದೆಯಲ್ಲಿ ಹೆಸರು ಕಾಣದಿದ್ದ ಮಾತ್ರಕ್ಕೆ ಕಡತ ಹಾಳಾಗಿದೆಯೆಂದು ಭಾವಿಸಬಾರದು.

ಹೊಸ ತಿರುಳನ್ನು ಕಟ್ಟುವ ಮುನ್ನ ಹಳೆಯದನ್ನು ಅಳಿಸದೆ ಉಳಿಸಿಕೊಳ್ಳಬೇಕು. ಅನೇಕ ವಿತರಣೆಗಳಲ್ಲಿ ಚಾಲ್ತಿಯಲ್ಲಿರುವ ತಿರುಳಿನ ಆಯ್ಕೆಪಟ್ಟಿ 'ಬೂಟ್' ಕೋಶದಲ್ಲಿ ದೊರೆಯುತ್ತದೆ. ಅದರ ಒಂದು ಪ್ರತಿಯನ್ನು ಧ್ವನಿಸಂಗ್ರಹದ ಸೂಚಿಯೊಂದಿಗೇ ಗ್ರಂಥಾಲಯದಲ್ಲಿ ಇರಿಸಬಹುದು.