ಮುಖ ಮಾಧವಿಯದು, ಮಾತು ಜಯಶ್ರೀಯದು!

ದಾವಣಗೆರೆಯಲ್ಲಿ ಫಸ್ಟ್ ಶೋ ಮುಗಿಸಿ, ಮಂಡಕ್ಕಿ-ಮೆಣಸಿನಕಾಯಿ ಕಟ್ಟಿಸಿಕೊಂಡು ಹರಿಹರದ ಬಸ್ ಹತ್ತಿದರೆ ತುಂಗಭದ್ರೆ ಕಾಣುವವರೆಗೂ ಒಂದೇ ಚರ್ಚೆ. 'ಮಾಧವಿ ಎಷ್ಟು ಚೆಂದ ಕನ್ನಡ ಮಾತಾಡ್ತಾಳಲ್ಲೋ!' ಅಂತ ಒಬ್ಬ. 'ಆಕಿ ತೆಲುಗಿನಾಕಿ, ಅದು ಆಕಿ ದನಿ ಅಲ್ಲಲೇ' ಅಂತ ಇನ್ನೊಬ್ಬ. ಹಾಗಾದ್ರೆ ಆ ದನಿ ಯಾರದು? ಟಿಕೆಟ್ ಕೊಟ್ಟ ಕಂಡಕ್ಟರಿಗೂ ಗೊತ್ತಿರಲಿಲ್ಲ!

ಗೆಳೆಯರೇ, ಮಾಧವಿ, ಗಾಯತ್ರಿ, ಜಯಪ್ರದಾ, ಅಂಬಿಕಾ, ಸುಮಲತಾ ಇವರಿಗೆಲ್ಲ ಕನ್ನಡ ಚಿತ್ರಗಳಲ್ಲಿ ಕಂಠದಾನ ಮಾಡಿದಾಕೆ ಬಿ. ಜಯಶ್ರೀ.

ಈ ದನಿ ಪಳಗಿದ್ದು ಮೈಕಿನ ಮುಂದೆ ಅಲ್ಲ, ಕಂಪನಿ ನಾಟಕದ ಪರದೆಯ ಹಿಂದೆ. 1950ರಲ್ಲಿ ಹುಟ್ಟಿದ ಜಯಶ್ರೀ, ಗುಬ್ಬಿ ವೀರಣ್ಣನವರ ಮೊಮ್ಮಗಳು. ನೆಟ್ಟಗೆ ಮಾತು ಬರುವ ಮೊದಲೇ ಬಣ್ಣ ಹಚ್ಚಿದ ಹುಡುಗಿ. ಚಿಂದೋಡಿ ಲೀಲಾ ಅವರನ್ನು ಕಂಡ ದಾವಣಗೆರೆಯವರಿಗೆ ಕಂಪನಿ ನಟಿಯ ಗಂಟಲು ಎಂಥದ್ದು ಅಂತ ಬೇರೆ ಹೇಳಬೇಕೇ? ಕಟ್ಟಕಡೆಯ ಬೆಂಚಿನವನಿಗೂ ಮಾತು ಮುಟ್ಟಬೇಕು. ಇಲ್ಲದಿದ್ದರೆ ಸಿಳ್ಳೆ ಬೀಳೋದು ಬೇರೆ ಅರ್ಥದಲ್ಲಿ!

ಮನೆಯ ಪಾಠ ಸಾಲದೆಂದು ಜಯಶ್ರೀ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. 1973ರಲ್ಲಿ ಪದವಿ ಪಡೆದು ಬಂದು, 1976ರಲ್ಲಿ ಬೆಂಗಳೂರಿನಲ್ಲಿ 'ಸ್ಪಂದನ' ತಂಡ ಕಟ್ಟಿದರು. ಒಂದು ಕಡೆ ರಂಗಭೂಮಿ, ಇನ್ನೊಂದು ಕಡೆ ಡಬ್ಬಿಂಗ್ ಕೋಣೆ.

ಡಬ್ಬಿಂಗ್ ಅಂದರೆ ಸುಲಭದ ಕೆಲಸ ಅಂದ್ಕೊಂಡ್ರಾ? ಆಗೆಲ್ಲ ಚಿತ್ರದ ಒಂದು ತುಣುಕನ್ನು ಸುತ್ತು ಕಟ್ಟಿ, ಮತ್ತೆ ಮತ್ತೆ ತೆರೆಯ ಮೇಲೆ ಓಡಿಸುತ್ತಿದ್ದರು. ಕತ್ತಲ ಕೋಣೆಯಲ್ಲಿ ನಿಂತು ನಾಯಕಿಯ ತುಟಿಯನ್ನೇ ನೋಡಬೇಕು. ಪ, ಬ, ಮ ಬಂದಲ್ಲಿ ತುಟಿ ಮುಚ್ಚುತ್ತದೆ; ಅಲ್ಲಿ ಒಂದು ಕೂದಲೆಳೆ ತಪ್ಪಿದರೂ ಮಾತು ಬೇರೆ, ಮುಖ ಬೇರೆ! ನಾಯಕಿ ಅತ್ತರೆ ಕಣ್ಣೀರು ಆಕೆಯದು, ಬಿಕ್ಕು ಈಕೆಯದು. ಸಿಳ್ಳೆ, ಹಾರ, ಕಟೌಟು ಮಾತ್ರ ಪೂರಾ ಆಕೆಯದೇ.

ಇನ್ನೊಂದು ಸೋಜಿಗ ಕೇಳಿ. ನಮ್ಮ ಅಣ್ಣಾವ್ರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರೇ. ನಾಯಕನಾಗಿ ಅವರ ಮೊದಲ ಚಿತ್ರ, 1954ರ 'ಬೇಡರ ಕಣ್ಣಪ್ಪ'ಕ್ಕೂ ಗುಬ್ಬಿಯವರದೇ ನಿರ್ಮಾಣ. ಅಣ್ಣಾವ್ರ ಜೋಡಿಯಾಗಿ ಮೆರೆದ ಮಾಧವಿಯಂಥ ತಾರೆಗೆ ಮಾತು ಕೊಟ್ಟದ್ದೂ ಅದೇ ಮನೆಯ ಮಗಳು!

ಕತ್ತಲಲ್ಲಿದ್ದ ದನಿ ಕೊನೆಗೆ ಬೆಳಕಿಗೆ ಬಂತು. 1997ರ 'ನಾಗಮಂಡಲ'ದಲ್ಲಿ ಅವರ ಮುಖವನ್ನೇ ಕಂಡೆವು. 2001ರ 'ನನ್ನ ಪ್ರೀತಿಯ ಹುಡುಗಿ'ಯ ಕಾರಿನ ಹಾಡಂತೂ ಅವರ ಹೆಸರಲ್ಲೇ ಊರೂರು ಸುತ್ತಿತು. 2010ರಲ್ಲಿ ರಾಜ್ಯಸಭೆ, 2013ರಲ್ಲಿ ಪದ್ಮಶ್ರೀ. ತಾತನಿಗೆ 1972ರಲ್ಲಿ ಬಂದ ಪ್ರಶಸ್ತಿ ಮೊಮ್ಮಗಳಿಗೂ ಬಂತು.

ಇನ್ನು ಮೇಲೆ ಟಿ.ವಿ.ಯಲ್ಲಿ ಆ ಕಾಲದ ಚಿತ್ರ ಬಂದಾಗ ಒಂದು ನಿಮಿಷ ಕಣ್ಣು ಮುಚ್ಚಿ ಕೇಳಿ ನೋಡಿ. ನೀವು ಮನಸೋತಿದ್ದು ಮುಖಕ್ಕೋ, ಮಾತಿಗೋ? ಎದೆ ಮುಟ್ಟಿಕೊಂಡು ಹೇಳ್ರಪ್ಪಾ!