ಕಬ್ಬಿನ ನಡುವೆ ಕಬ್ಬಿಣ

ಹಂಗಾಮು ಶುರುವಾದರೆ ಕಣಗಲಾ, ಸಂಕೇಶ್ವರ ಸುತ್ತಿನ ರಸ್ತೆಗಳಲ್ಲಿ ಕಬ್ಬಿನ ಟ್ರಾಲಿಗಳದ್ದೇ ಸಾಲು. ಸಂಕೇಶ್ವರದ ಹಿರಣ್ಯಕೇಶಿ ಸೇರಿದಂತೆ ಹುಕ್ಕೇರಿ, ಗೋಕಾಕ ಸೀಮೆಯ ಸಕ್ಕರೆ ಕಾರ್ಖಾನೆಗಳತ್ತ ಅವುಗಳ ಪಯಣ. ಹೊರೆಯಲ್ಲಿ ಬರುವುದು ಕಬ್ಬೊಂದೇ ಅಲ್ಲ. ಹೊಲದಲ್ಲಿ ಮರೆತ ಕುಡುಗೋಲು, ಟ್ರಾಲಿಯಿಂದ ಕಳಚಿದ ಬೋಲ್ಟು, ಎತ್ತಿನ ಲಾಳ ಏನು ಬೇಕಾದರೂ ಬಂದೀತು. ಕಬ್ಬು ಸಿಗಿಯುವ ಯಂತ್ರದೊಳಗೆ ಅದು ಹೊಕ್ಕರೆ ಸುತ್ತಿಗೆಗಳು ಮುರಿದು ನುರಿಸುವ ಕೆಲಸವೇ ನಿಲ್ಲುತ್ತದೆ. ಗೇಟಿನಾಚೆ ಕಬ್ಬು ಒಣಗಿ ರೈತನಿಗೆ ತೂಕದ ನಷ್ಟ.

ಅದಕ್ಕೇ ಸಕ್ಕರೆ ಕಾರ್ಖಾನೆಗಳಲ್ಲಿ ಆಯಸ್ಕಾಂತದ ಕಾವಲು. ಕಬ್ಬು ಸಾಗುವ ಕ್ಯಾರಿಯರ್ ಮೇಲೆ ದೊಡ್ಡ ವಿದ್ಯುತ್ಕಾಂತ ಸಾಕು. ಸಕ್ಕರೆ ಚೀಲಕ್ಕೆ ಇಳಿಯುವಾಗ ಜತೆಗೆ ಬರುವ ತುಕ್ಕಿನ ಚೂರು, ಯಂತ್ರ ಸವೆದ ಪುಡಿ ಹಿಡಿಯಲು ಮಾತ್ರ ಸ್ಟೀಲ್ ಕೊಳವೆಯೊಳಗೆ ನಿಯೋಡಿಮಿಯಂ ಆಯಸ್ಕಾಂತ ತುಂಬಿದ ಜಾಲರಿಯೇ ಬೇಕು.

1980ರ ದಶಕದ ಆರಂಭದಲ್ಲಿ ಜಪಾನಿನ ಮಸಾಟೊ ಸಗಾವ, ಅಮೆರಿಕದ ಜಾನ್ ಕ್ರೋಟ್ ಬೇರೆಬೇರೆಯಾಗಿ ಕಂಡುಕೊಂಡ ಮಿಶ್ರಲೋಹವಿದು. ಎರಡು ನಿಯೋಡಿಮಿಯಂ ಪರಮಾಣುಗಳಿಗೆ ಹದಿನಾಲ್ಕು ಕಬ್ಬಿಣ, ಒಂದು ಬೋರಾನ್. ತೂಕದಲ್ಲಿ ಶೇ 70ಕ್ಕೂ ಹೆಚ್ಚು ಕಬ್ಬಿಣವೇ! ಕಾಂತಶಕ್ತಿಯ ದೊಡ್ಡ ಪಾಲೂ ಅದರದ್ದೇ. ಆದರೆ ಬರೀ ಕಬ್ಬಿಣದ ಕಾಂತತೆ ಚಂಚಲ. ಸಣ್ಣ ವಿರುದ್ಧ ಬಲ ಸಾಕು, ದಿಕ್ಕು ಬದಲಿಸುತ್ತದೆ. ನಿಯೋಡಿಮಿಯಂ ಪರಮಾಣುವಿನ ಒಳಚಿಪ್ಪಿನ ಎಲೆಕ್ಟ್ರಾನುಗಳು ಅದನ್ನು ಹರಳಿನ ಒಂದೇ ಅಕ್ಷಕ್ಕೆ ಬಿಗಿದು ಕಟ್ಟುತ್ತವೆ. ಕೆಲವೇ ಮೈಕ್ರಾನ್ ಗಾತ್ರಕ್ಕೆ ಪುಡಿಮಾಡಿ, ಕಾಂತಕ್ಷೇತ್ರದಲ್ಲಿ ಕಣಗಳೆಲ್ಲ ಒಂದೇ ಕಡೆ ಮುಖಮಾಡುವಂತೆ ಒತ್ತಿ, ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿಸಿ ಬೇಯಿಸಿದರೆ ಆಯಸ್ಕಾಂತ ಸಿದ್ಧ. ಬೇಗ ತುಕ್ಕು ಹಿಡಿಯುವುದರಿಂದ ಮೇಲೊಂದು ನಿಕ್ಕಲ್ ಲೇಪ.

ಇದರ ಶತ್ರು ಬಿಸಿ. ಸಾಧಾರಣ ದರ್ಜೆಯದ್ದು 80 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತದೆ. ಸುಮಾರು 312 ಡಿಗ್ರಿಗೆ ಕಾಂತತೆಯೇ ಮಾಯ. ಕುದಿವ ಕಬ್ಬಿನ ಹಾಲಿನ ಬಳಿ ಅದನ್ನು ಇಡುವಂತಿಲ್ಲ. ಬಿಸಿ ತಡೆಯಲು ಡಿಸ್ಪ್ರೋಸಿಯಂ ಬೆರೆಸಬೇಕು, ಇಲ್ಲವೇ 1960ರ ದಶಕದಲ್ಲಿ ಕಂಡುಹಿಡಿದ ಸಮೇರಿಯಂ-ಕೋಬಾಲ್ಟ್‌ನ ಮೊರೆ ಹೋಗಬೇಕು. ಬಲದಲ್ಲಿ ತುಸು ಕಡಿಮೆ, ಬೆಲೆಯಲ್ಲಿ ಜಾಸ್ತಿ, ಆದರೆ ಕಾವಿಗೆ ಜಗ್ಗುವುದಿಲ್ಲ. ಸರ್ಕಾರಿ ಸಂಸ್ಥೆ ಐಆರ್‌ಇಎಲ್ ವಿಶಾಖಪಟ್ಟಣದಲ್ಲಿ ತಯಾರಿಸುವುದು ಇದನ್ನೇ. ಸಾಮರ್ಥ್ಯ ವರ್ಷಕ್ಕೆ 3,000 ಕಿಲೊ. 2025ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ 7,280 ಕೋಟಿ ರೂಪಾಯಿಯ ಆಯಸ್ಕಾಂತ ತಯಾರಿಕೆ ಯೋಜನೆಯ ಗುರಿ ವರ್ಷಕ್ಕೆ 6,000 ಟನ್. ಅಂತರ ನೋಡಿ.

2025ರ ಏಪ್ರಿಲ್‌ನಲ್ಲಿ ಚೀನಾ ರಫ್ತಿಗೆ ಕಡಿವಾಣ ಹಾಕಿದ ಏಳು ಧಾತುಗಳಲ್ಲಿ ಡಿಸ್ಪ್ರೋಸಿಯಂ, ಸಮೇರಿಯಂ ಇದ್ದವು, ನಿಯೋಡಿಮಿಯಂ ಇರಲಿಲ್ಲ. ಹಾಗಾಗಿ ತಣ್ಣಗಿನ ಸಕ್ಕರೆ ಜಾಲರಿಗಿಂತ ಹೆಚ್ಚು ಬಿಸಿ ಮುಟ್ಟಿದ್ದು, ಕಣಗಲಾ ಪಕ್ಕದ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಓಡುವಂಥ ವಿದ್ಯುತ್ ವಾಹನಗಳ, ಕಾವು ತಡೆಯಲು ಡಿಸ್ಪ್ರೋಸಿಯಂ ಬೇಡುವ ಮೋಟಾರಿಗೆ.